ಕಾರಕೂನ ಪರಪ್ಪನ ಹಲಗಿ ಪ್ರಕರಣ

ಸಿಂದಗಿಯ ತಾಲೂಕು ಕಚೇರಿ ಒಂದು ಶುಕ್ರವಾರ ಮಧ್ಯಾಹ್ನ ಯಾವ ಹಬ್ಬವೂ ಇಲ್ಲದೆ ಬಾಗಿಲು ಮುಚ್ಚಿತು. ಅದೇ ದಿನ ಮುದ್ದೇಬಿಹಾಳದ ಬಸ್ಸು, ಒಳಗೆ ಕೂತವರ ಅಳು ತಾಳಲಾರದೆ, ದಾರಿಯ ಎರಡು ನಿಲ್ದಾಣ ಬಿಟ್ಟು ಓಡಿ ಬಂತು. ಎರಡಕ್ಕೂ ಕಾರಣ ಒಂದೇ: ಕಾರಕೂನ ಪರಪ್ಪ ತನ್ನ ಮನೆಯ ಗೋಡೆಗೆ ಹೊಡೆದಿದ್ದ ಹಲಗೆಗಳನ್ನು ಇಳಿಸಲು ಹೊರಟದ್ದು. ಈ ಬಗ್ಗೆ ಊರಲ್ಲಿ ಹಲವು ಸುಳ್ಳು ಸುದ್ದಿಗಳಿವೆ. ಪರಪ್ಪನಿಗೆ ದೆವ್ವ ಮೆಟ್ಟಿತ್ತು ಎನ್ನುವುದು ಸುಳ್ಳು. ಕಚೇರಿಯ ಸಾಹೇಬರು ಪರಪ್ಪನ ಪಡಸಾಲೆಯ ಕಿಟಕಿಯಿಂದ ಜಿಗಿದರು ಎನ್ನುವುದೂ ಸುಳ್ಳು. ಆ ಪಡಸಾಲೆಗೆ ಕಿಟಕಿಯೇ ಇಲ್ಲ. ಅವರು ಬಾಗಿಲಿನಿಂದಲೇ ಹೋದರು, ತುಸು ವೇಗವಾಗಿ ಹೋದರು, ಅಷ್ಟೇ.

ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸತು. ಪರಪ್ಪ ಕಚೇರಿಯ ಕಾಗದ ಹಿಡಿದುಕೊಂಡು ವಿಜಾಪುರದ ಒಬ್ಬ ದೊಡ್ಡ ಸಾಹೇಬರ ಬಂಗಲೆಗೆ ಹೋಗಿದ್ದ. ಅಲ್ಲಿ ಆತ ಕಂಡದ್ದು ಒಂದು ಗೋಡೆ. ಬೆಳ್ಳಗೆ ಸುಣ್ಣ ಬಳಿದ ಖಾಲಿ ಗೋಡೆ. ನಡುವೆ ಒಬ್ಬ ಹಿರಿಯರ ಫೋಟೋ, ಅದಕ್ಕೊಂದು ಗಂಧದ ಹಾರ. ಮೊಳೆಯಿಲ್ಲ, ಗೂಟವಿಲ್ಲ, ಒಂದು ತಂಬಿಗೆ ಸಹ ಇಲ್ಲ. ಪರಪ್ಪ ಕಾಗದ ಕೊಡುವುದನ್ನು ಮರೆತು ಗೋಡೆ ನೋಡುತ್ತ ನಿಂತ. ಸಿಪಾಯಿ ಅವನನ್ನು ಎರಡು ಸಲ ಹೊರಗೆ ಕಳಿಸಬೇಕಾಯಿತು.

ಸಿಂದಗಿಗೆ ಬಂದು ತನ್ನ ಪಡಸಾಲೆಯ ಗೋಡೆ ನೋಡಿದ. ಈ ತುದಿಯಿಂದ ಆ ತುದಿಗೆ ಮೂರು ಹಲಗೆ. ಹಲಗೆಯ ತುಂಬ ಹೆಂಡತಿ ಸಿದ್ದಲಿಂಗವ್ವ ತವರಿನಿಂದ ತಂದ ಹಿತ್ತಾಳೆ: ಕೊಡ, ತಂಬಿಗೆ, ಪರಾತ, ಕೊಪ್ಪರಿಗೆ, ಎಲ್ಲಕ್ಕೂ ಮೇಲೆ ಒಂದು ಮಹಾ ಹಂಡೆ. ಪ್ರತಿ ಅಮಾವಾಸ್ಯೆಗೆ ಅವನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಮತ್ತೆ ಏರಿಸಿಡುತ್ತಿದ್ದಳು. ಅವುಗಳಲ್ಲಿ ಒಂದರಲ್ಲೂ ಒಂದು ಹನಿ ನೀರು ಸಹ ಕಾದದ್ದಿಲ್ಲ.

“ಇದಕ್ಕ ಮನಿ ಅಂತಾರೇನು? ಬೋಗಾರರ ಅಂಗಡಿ ಅಂತಾರ,” ಎಂದ ಪರಪ್ಪ. “ಇವನ್ನೆಲ್ಲಾ ಇಳಸಿ ಗ್ವಾಡಿ ಖಾಲಿ ಇಡೂಣು.”

“ಖಾಲಿ ಇಟ್ಟು ಏನ್ ಮಾಡ್ತೀರಿ? ಅದಕ್ಕ ಹಣಿ ಹಚ್ಚಿ ನಿಂದರ್ತೀರೇನು?” ಎಂದಳು ಸಿದ್ದಲಿಂಗವ್ವ.

ಮಾತು ಅಲ್ಲಿಗೆ ನಿಂತಿತು. ಕೆಲವು ದಿನಗಳ ಮೇಲೆ ಆಕೆ ಅಣ್ಣನ ಮಗನ ತೊಟ್ಟಿಲ ಕಾರ್ಯಕ್ಕೆಂದು ಮುದ್ದೇಬಿಹಾಳಕ್ಕೆ ಹೊರಟಳು. ಬಸ್ಸಿನಲ್ಲಿ ಕೂತು, ತಲೆ ಹೊರಗೆ ಹಾಕಿ, ಇಡೀ ನಿಲ್ದಾಣಕ್ಕೆ ಕೇಳುವಂತೆ ಹೇಳಿದಳು: “ನಾ ತಿರುಗಿ ಬಂದಾಗ ಒಂದ ಹಲಗಿ ಜಾಗಾ ಬಿಟ್ಟಿತ್ತಂದ್ರ, ಬಂದ ಬಸ್ಸಿನ್ಯಾಗ ಹಂಗ ತವರಮನಿಗೆ ಹೋಗ್ತೇನಿ. ನಿಮ್ಮ ರೊಟ್ಟಿ ನೀವ ಬಡಕೋರಿ!”

ಇದು ಬರೀ ಮಾತಲ್ಲ ಎಂದು ಪರಪ್ಪನಿಗೆ ಗೊತ್ತಿತ್ತು. ಹಿಂದೊಮ್ಮೆ ಆಕೆಯನ್ನು ಕೇಳದೆ ಬೀಸುವ ಕಲ್ಲನ್ನು ಹಿತ್ತಲಿಗೆ ಸಾಗಿಸಿದ್ದಕ್ಕೆ, ಜೋಳದ ಸುಗ್ಗಿ ಮುಗಿಯುವವರೆಗೆ ತವರಿನಲ್ಲಿ ಕೂತಿದ್ದಳು. ಆ ಕಾಲದಲ್ಲಿ ಪರಪ್ಪ ಮಾಡಿದ ರೊಟ್ಟಿಯನ್ನು ಓಣಿಯ ನಾಯಿ ಮೂಸಿ ನೋಡಿ, ಬೇರೆ ಓಣಿಗೆ ಹೋಗಿ ನೆಲೆಸಿತು. ಆದರೂ ಈ ಸಲ ಅವನ ಲೆಕ್ಕ ಬೇರೆ ಇತ್ತು: ಆಕೆ ಬರುವ ಹೊತ್ತಿಗೆ ಗೋಡೆ ಬೆಳ್ಳಗಿರುತ್ತದೆ, ನಡುವೆ ಹಿರಿಯರ ಫೋಟೋ ಇರುತ್ತದೆ, ಬಾಗಿಲಲ್ಲೇ ಬೆರಗಾಗಿ ನಿಂತು ಹಲಗೆಯ ಹೆಸರನ್ನೇ ಮರೆಯುತ್ತಾಳೆ.

ಹಿರಿಯರು ಮನೆಯಲ್ಲೇ ಇದ್ದರು. ಅಪ್ಪನ ತಮ್ಮ ಚಂದಪ್ಪ ಕಾಕಾ. ಎಂಬತ್ತು ದಾಟಿದ ಗಟ್ಟಿ ಮುದುಕ. ಫೋಟೋ ತೆಗೆಯಲು, ಪರಪ್ಪ ರಜೆ ಹಾಕಿದ ಆ ಶುಕ್ರವಾರ ಬೆಳಿಗ್ಗೆ, ಇಂಡಿಯಿಂದ ಜೈನುದ್ದೀನ ತನ್ನ ಮೂರು ಕಾಲಿನ ಕ್ಯಾಮೆರಾ, ಕರಿ ಬಟ್ಟೆ ಸಮೇತ ಬಂದಿಳಿದ. ಗೋಡೆ ನೋಡಿದೊಡನೆ ತಲೆ ಅಲ್ಲಾಡಿಸಿದ.

“ಹಿಂದ ಇಷ್ಟ ಹಿತ್ತಾಳಿ ಹೊಳದ್ರ ಕಾಕಾ ಬರೂದಿಲ್ರಿ, ಬರೇ ಹಂಡೆ ಬರತೈತಿ. ಗ್ವಾಡಿ ಸಾಫ್ ಆಗಬೇಕು. ಬಿಸಿಲ ಹೊಸ್ತಲಾ ದಾಟಿ ಒಳಗ ಬರೂದು ಸಂಜಿ ಮುಂದ. ಅಲ್ಲೀತನಕಾ ನಾ ಜುಮ್ಮಾ ನಮಾಜ ಮುಗಿಸಿ, ನಮ್ಮ ಮಾವನ ಮನ್ಯಾಗ ಉಂಡು ಬರ್ತೇನಿ. ನೀವು ಕಾಕಾನ್ನ ಗ್ವಾಡಿಗೆ ಕೂಡಿಸಿ ರೂಢಿ ಮಾಡಸ್ರಿ. ಫೋಟೋದಾಗ ಅಳ್ಳಾಡಿದಾವರು ಹೊಗಿ ಆಗಿ ಬರ್ತಾರ, ಹೇಳಿರತೇನಿ.”

“ಹೊಗಿ?” ಎಂದ ಕಾಕಾ. “ನಾ ಹೊಗಿ ಆಗಾವಲ್ಲ.” ಆ ಕ್ಷಣದಿಂದಲೇ ಆತ ತಲೆಗೆ ಹೊಸ ಪಟಕಾ ಸುತ್ತಿಸಿಕೊಂಡು, ಹಣೆ ತುಂಬ ವಿಭೂತಿ ಬಳಿಸಿಕೊಂಡು, ಕೊರಳಿಗೆ ಹಾರ ಹಾಕಿಸಿಕೊಂಡು, ಗೋಡೆಯ ಒಂದು ತುದಿಗೆ ಬೆನ್ನು ಹಚ್ಚಿ ಕಣ್ಣು ಮುಚ್ಚಿ ಕೂತು ತಾಲೀಮು ಶುರು ಮಾಡಿದ.

ಹಲಗೆ ಇಳಿಸಲು ಬಡಿಗ ಬೇಕು. ಊರ ಬಡಿಗರೆಲ್ಲ ಬೆಳಿಗ್ಗೆ ಚಹಾಕ್ಕೆ ಸೇರುವುದು ಬಸ್ ನಿಲ್ದಾಣದ ಕಾಸಿಂಸಾಬನ ಅಂಗಡಿಯಲ್ಲಿ. ಪರಪ್ಪ ಅಲ್ಲಿಗೆ ಹೋದಾಗ ಬಡಿಗರು ಇನ್ನೂ ಬಂದಿರಲಿಲ್ಲ. ಮುದ್ದೇಬಿಹಾಳದ ಬಸ್ಸು ಮಾತ್ರ ಹೊರಡಲು ಗುರುಗುಡುತ್ತ ನಿಂತಿತ್ತು.

“ಕಾಸಿಂಸಾಬ, ಹಲಗಿ ಬಡಿಗ್ಯಾರನ್ನ ಲಗೂನ ನಮ್ಮ ಮನಿಗೆ ಕಳಸ್ರಿ!” ಎಂದು ಪರಪ್ಪ ಕೂಗಿದ.

ಅದೇ ಹೊತ್ತಿಗೆ ಬಸ್ಸು ಹಾರ್ನು ಹಾಕಿತು. ಹಾರ್ನು ನುಂಗಿದ್ದು ಒಂದು ಅರ್ಧ ಅಕ್ಷರವನ್ನು ಮಾತ್ರ. ಆದರೆ ನಮ್ಮ ಕಡೆಯ ಮಾತಿನಲ್ಲಿ ಆ ಅರ್ಧ ಅಕ್ಷರದ ಮೇಲೆ ಬಹಳ ನಿಂತಿದೆ. ಗೋಡೆಯ ಹಲಗೆಯೂ ‘ಹಲಗಿ’, ಊರಲ್ಲಿ ಬಾರಿಸುವ ಚರ್ಮದ ವಾದ್ಯವೂ ‘ಹಲಗಿ’. ‘ಹಲಗಿ ಬಡಿಗ್ಯಾರು’ ಎಂದರೆ ಹಲಗೆ ಕೆಲಸದ ಬಡಿಗರು; ‘ಹಲಗಿ ಬಡಿಯಾರು’ ಎಂದರೆ ಆ ವಾದ್ಯ ಬಾರಿಸುವವರು. ಹೋಳಿಯ ಕಾಲವಲ್ಲದ ಕಾಲದಲ್ಲಿ ಅವರನ್ನು ಮನೆಗೆ ಕರೆಸಿದರೆ ಅದಕ್ಕೆ ಅರ್ಥ ಒಂದೇ: ಆ ಮನೆಯಲ್ಲಿ ಸಾವು. ಕಾಸಿಂಸಾಬನ ಕೈಯಲ್ಲಿದ್ದ ಕಿಟ್ಲಿ ಗಾಳಿಯಲ್ಲೇ ನಿಂತಿತು.

“ಯಾರ ಸಲುವಾಗಿ ರೀ?”

“ನಮ್ಮ ಚಂದಪ್ಪ ಕಾಕಾನ ಸಲುವಾಗಿ.”

“ಯಾ ಅಲ್ಲಾ! ನಿನ್ನೆ ಇಲ್ಲೇ ಕುಂತು ಎರಡ ಕಪ್ ಚಾ ಕುಡದು ಹೋಗಿದ್ರು! ಏನ್ ಆಗಿತ್ರಿ?”

“ಆಗೂದೇನು? ವಯಸ್ಸ ಆತು. ಇನ್ನ ತಡಾ ಮಾಡೂದು ಬ್ಯಾಡಂತ ಇವತ್ತ ಮುಗಿಸಿಬಿಡಾಕತ್ತೇನಿ.”

ಕಾಸಿಂಸಾಬ ಕಿಟ್ಲಿ ಕೆಳಗಿಟ್ಟ. “ಈಗ... ಎಲ್ಲಿ ಅದಾರ?”

“ಪಡಸಾಲ್ಯಾಗ ಗ್ವಾಡಿಗೆ ಕೂಡಸೇನಿ. ವಿಭೂತಿ, ಹಾರ, ಹೊಸಾ ಪಟಕಾ, ಎಲ್ಲಾ ಆಗೇತಿ.”

ಲಿಂಗಾಯತರ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಇದು ಸಿಂದಗಿಯಲ್ಲಿ ಮಕ್ಕಳಿಗೂ ಗೊತ್ತು. ಕಾಸಿಂಸಾಬನಿಗೆ ಇನ್ನು ಯಾವ ಸಂದೇಹವೂ ಉಳಿಯಲಿಲ್ಲ.

“ಬಾಯಾರು ಮುದ್ದೇಬಿಹಾಳದಾಗ ಅದಾರಲ್ರಿ. ಸುದ್ದಿ ಮುಟ್ಟಸಬೇಕಲ್ಲಾ?”

“ಖಬರ್ದಾರ್!” ಪರಪ್ಪ ಹೌಹಾರಿದ. “ಆಕಿಗೆ ಗೊತ್ತಾತಂದ್ರ ಬಾಯಿ ಬಡಕೊಂಡು ಬರ್ತಾಳ. ಎಲ್ಲಾ ಮುಗದ ಮ್ಯಾಲೆ ಬಂದು ಖಾಲಿ ಗ್ವಾಡಿ ನೋಡ್ಲಿ!”

ಹೀಗೆಂದು ಆತ ಹೋಗಿಬಿಟ್ಟ. ಕಾಸಿಂಸಾಬ ಮರುಗುವ ಜೀವ. ದುಃಖದಲ್ಲಿ ಪಾಪ ತಲೆ ಕೆಟ್ಟಿದೆ ಎಂದುಕೊಂಡ. ಹಲಗಿ ಬಾರಿಸುವವರಿಗೆ ಹೇಳಿ ಕಳಿಸಿ, ಮುದ್ದೇಬಿಹಾಳದ ಬಸ್ಸಿನ ಕಂಡಕ್ಟರನನ್ನು ಕರೆದು ಸುದ್ದಿ ಹೇಳಿದ. ಆಮೇಲೆ ಬಸವನ ಬಾಗೇವಾಡಿಯ ಬಸ್ಸಿಗೂ ಹೇಳಿದ; ಅಲ್ಲಿ ಪರಪ್ಪನ ದೂರದ ನೆಂಟರಿದ್ದರು. ಇಂಡಿಯ ಬಸ್ಸಿಗೂ ಹೇಳಿದ. ಇಂಡಿಯಲ್ಲಿ ಪರಪ್ಪನಿಗೆ ಯಾರೂ ಇರಲಿಲ್ಲ; ಆದರೆ ಬಸ್ಸು ಹೊರಟಿತ್ತು, ಸುದ್ದಿಯೂ ಇತ್ತು.

ಮನೆಯಲ್ಲಿ ಪರಪ್ಪ ಬಡಿಗರ ದಾರಿ ನೋಡಿ ನೋಡಿ ಬೇಸತ್ತ. ಬಿಸಿಲು ನೆತ್ತಿಗೆ ಬಂದಾಗ ತಾನೇ ಹಾರೆ ಹಿಡಿದ. ಪಾತ್ರೆ ಇಳಿಸಿಟ್ಟ ಮೇಲೆ ಕೆಳಗಿನ ಎರಡು ಹಲಗೆ ಮಣ್ಣು, ಗಾರೆ, ಒಂದು ಹಲ್ಲಿ ಸಮೇತ ಕಿತ್ತು ಬಂದವು. ಮೇಲಿನದರ ಮೇಲೆ ಆ ಮಹಾ ಹಂಡೆ ಇತ್ತು. ಅದನ್ನು ಒಬ್ಬನೇ ಇಳಿಸಲಾಗದು. ಹಂಡೆ ಇರುವಂತೆಯೇ ಒಂದು ಕಡೆಯ ಮೊಳೆ ಸಡಿಲಿಸಿ ನೋಡೋಣ ಎಂದು ಕಾಳಿನ ಪೆಟ್ಟಿಗೆ ಹತ್ತಿದ. ಮೊಳೆ ನಿರೀಕ್ಷೆಗಿಂತ ಸುಲಭವಾಗಿ ಬಂತು. ಹಲಗೆ ವಾಲಿತು. ಪರಪ್ಪ ಹಾರೆ ಬಿಟ್ಟು ಎರಡೂ ಕೈಯಿಂದ ಅದನ್ನು ಎತ್ತಿ ಹಿಡಿದ. ಬಲ ಸಾಲದೆ ಹಣೆಯನ್ನೂ ಗೋಡೆಗೆ ಒತ್ತಿದ.

“ಕಾಕಾ, ಒಂದೀಟ ಎದ್ದು ಹಿಡಿ ಬಾ!”

ಕಾಕಾ ತುಟಿ ಅಲ್ಲಾಡಿಸದೆ ಹೇಳಿದ: “ಎದ್ದರ ಹೊಗಿ ಆಗ್ತೇನಿ.”

ಈ ಸ್ಥಿತಿಯಲ್ಲಿ ಬಾಗಿಲಿಗೆ ಬಂದವಳು ಪಕ್ಕದ ಮನೆಯ ಲಕ್ಕವ್ವ. ಹಿಂದೆ ಓಣಿಯ ಹೆಂಗಸರು. ಅವರು ಕಂಡದ್ದು ಗೋಡೆಗೆ ಕೂಡಿಸಿದ ಕಾಕಾ, ಮತ್ತು ಗೋಡೆಗೆ ಹಣೆ ಹಚ್ಚಿ, ಕೈ ಮೇಲೆತ್ತಿ, ಮೈ ನಡುಗಿಸುತ್ತ ನಿಂತ ಪರಪ್ಪ.

“ನೋಡ್ರೆ, ಹ್ಯಾಂಗ ಗ್ವಾಡಿ ಹಿಡಕೊಂಡು ಅಳಾಕತ್ತಾನ!” ಎಂದು ಲಕ್ಕವ್ವ ಸೆರಗು ಬಾಯಿಗೆ ಹಚ್ಚಿದಳು. “ಎಂಥಾ ಮನಷ್ಯಾ ಹೋದ! ಒಬ್ಬರಿಗೆ ಒಂದ ಕೆಟ್ಟ ಮಾತ ಅಂದಾವಲ್ಲ!”

ಇಲ್ಲಿ ಒಂದು ಸಂಗತಿ ದಾಖಲಾಗಬೇಕು. ಹಿಂದಿನ ವಾರವಷ್ಟೇ ಕಾಕಾ ಲಕ್ಕವ್ವನ ಆಡನ್ನು ಅಟ್ಟಿಕೊಂಡು ಹೋಗಿ, ಆಡಿನ ಮೂಲಕ ಲಕ್ಕವ್ವನ ತವರಿನ ಇಡೀ ವಂಶವನ್ನು ಬೈದಿದ್ದ. ಈಗ ಈ ಹೊಗಳಿಕೆ ಕೇಳಿ ಅವನ ಮೀಸೆ ಕುಣಿಯಿತು.

“ಯವ್ವಾ, ಮೀಸಿ ಅಳ್ಳಾಡಿತು!” ಎಂದಳು ಹಿಂದಿನವಳೊಬ್ಬಳು.

“ಗಾಳಿ,” ಎಂದಳು ಲಕ್ಕವ್ವ. ಕಾಕಾ ಇನ್ನಷ್ಟು ಗಟ್ಟಿಯಾಗಿ ಕಣ್ಣು ಮುಚ್ಚಿದ. ಹೊಗಳಿಕೆ ಮುಂದುವರಿಯಲಿ ಎಂಬುದು ಅವನ ಇಚ್ಛೆ.

“ಯಾರು ಬಂದ್ರಿ?” ಗೋಡೆಯ ಕಡೆಯಿಂದ ಪರಪ್ಪನ ದನಿ ಬಂತು. “ಲಗೂನ ಗಂಡಸರನ್ನ ಕರೀರಿ, ಕೈ ಹಚ್ಚಲಿ. ನನಗ ಒಬ್ಬಗ ಆಗವಲ್ದು.”

“ಕರೀತೇವಪಾ. ಸಮಾಧಾನ ಮಾಡ್ಕೋ. ಮಠಕ್ಕ ಹೇಳಿ ಕಳಿಸಿಯೇನು?”

“ಇದಕ್ಕೆಲ್ಲಾ ಮಠ ಯಾಕಬೇ? ಬಿಚ್ಚಿ ಹಿತ್ತಲಕ್ಕ ಒಗದರ ಆತು.”

“ಹಿತ್ತಲಕ್ಕ?”

“ಮತ್ತೇನ ಮೆರವಣಿಗಿ ಮಾಡ್ಲಿ? ಎಷ್ಟ ವರ್ಷ ಆತು ಗ್ವಾಡಿಗೆ ಬಿದ್ದು! ಒಳಗೆಲ್ಲಾ ಗೆದ್ದಲ ಹತ್ತೇತಿ. ಸೀಳಿ ಇಟ್ಟರ ಮಳಿಗಾಲಕ್ಕ ಒಲಿಗೆ ಆಗತೈತಿ.”

ಲಕ್ಕವ್ವ ಹೊಸ್ತಿಲ ತನಕ ಹಿಂದೆ ಸರಿದಳು. ಕಾಕಾ ಒಂದು ಕಣ್ಣು ತೆರೆದ. ಈ ಮಾತು ಅವನಿಗೂ ಹಿಡಿಸಿದಂತೆ ಕಾಣಲಿಲ್ಲ.

ಅಷ್ಟರಲ್ಲಿ ಹಲಗಿ ಮೇಳ ಬಂತು. ಮೇಳದ ಹಿರಿಯ ಸಿದ್ರಾಮ ಅಂಗಳದಲ್ಲಿ ನಿಂತು ಕೆಮ್ಮಿದ. “ಧಣ್ಯಾರ, ಹಲಗಿಯವರು ಬಂದೇವ್ರಿ.”

“ಅಂತೂ ಬಂದ್ರೆಪಾ!” ತಿರುಗಲಾಗದ ಪರಪ್ಪ ಗೋಡೆಗೇ ಹೇಳಿದ. “ಮುಂಜಾನಿಂದ ದಾರಿ ನೋಡಾಕತ್ತೇನಿ. ಸಾಮಾನ ತಂದೀರಿಲ್ಲೋ?”

“ತಂದೇವ್ರಿ. ಬೆಂಕಿಗೆ ಹಿಡದು ಕಾಯಿಸಿಕೊಂಡ ಬಂದೇವಿ.”

“ಕಾಯಿಸೂದು ಯಾಕ?”

“ಕಾಯಿಸದಿದ್ರ ಸಪ್ಪಳ ಏಳೂದಿಲ್ರಿ.”

“ಸಪ್ಪಳ ಏಳಬಾರದು ನೋಡ್ರಿ! ಸಾವಕಾಶ ಬಡೀರಿ. ಓಣ್ಯಾಗ ಒಬ್ಬರಿಗೂ ಕೇಳಬಾರದು.”

ಸಿದ್ರಾಮ ವಿಚಾರ ಮಾಡಿ ಉತ್ತರ ಕೊಟ್ಟ: “ಧಣ್ಯಾರ, ಯಾರಿಗೂ ಕೇಳದಂಗ ಹಲಗಿ ಬಡ್ಯಾಕ ನಮ್ಮಪ್ಪ ನಮಗ ಕಲಿಸಿಲ್ರಿ. ಇನ್ನೊಂದ ಏನಂದ್ರ, ಮನ್ಯಾಗ ಅಳೂ ದನಿ ಇಲ್ಲ. ಮನಿ ಹೆಣ್ಣಮಗಳು ಒಮ್ಮಿ ದನಿ ತಗೀಬೇಕು, ಆವಾಗ ನಮ್ಮ ಕೋಲು ಹಲಗಿ ಮ್ಯಾಲ ಬೀಳತೈತಿ. ಅಲ್ಲೀತನಕಾ ಇಲ್ಲ. ಇದು ನಮ್ಮ ರಿವಾಜ.”

ಪರಪ್ಪನಿಗೆ ಸಿಟ್ಟು ಬಂತು. “ಮನಿ ಹೆಣ್ಣಮಗಳು? ಆಕಿ ಒಮ್ಮಿ ಬಂದು ಹಲಗಿ ನೋಡ್ಲಿ, ಊರಿಗೆ ಊರ ಕೇಳೂವಂಗ ದನಿ ತಗೀತಾಳ!”

“ಹಂಗಾದ್ರ ಕಾಯ್ತೇವ್ರಿ,” ಎಂದು ಸಿದ್ರಾಮ ಮೇಳ ಸಮೇತ ಕಟ್ಟೆಯ ಮೇಲೆ ಕೂತ.

ಹಲಗಿ ಮೇಳ ಕಾರಕೂನನ ಮನೆಗೆ ಹೋಯಿತೆಂಬ ಸುದ್ದಿ ಕಚೇರಿಗೆ ಮುಟ್ಟಿತು. ಸಾಹೇಬರು ಮೈಸೂರು ಕಡೆಯಿಂದ ವರ್ಗವಾಗಿ ಬಂದ ತಹಶೀಲ್ದಾರರು. ಜನ ಮಾತ್ರ ಇನ್ನೂ ಹಳೆಯ ರೂಢಿಯಂತೆ ಮಾಮಲೇದಾರರು ಎನ್ನುತ್ತಿದ್ದರು. ಊರಿನವರ ಮನಸ್ಸು ಗೆಲ್ಲಬೇಕೆಂಬ ಆಸೆ ಅವರಿಗಿತ್ತು. ಕೂಡಲೇ ಕಚೇರಿ ಮುಚ್ಚಿಸಿ, ಕಾರಕೂನರನ್ನೆಲ್ಲ ಸಾಲಾಗಿ ಕರೆದುಕೊಂಡು, ದೊಡ್ಡ ಹಾರ ಹಿಡಿದು ಬಂದರು. ಕಾಕಾನ ಮುಂದೆ ನಿಂತು, ಗಂಟಲು ಸರಿ ಮಾಡಿಕೊಂಡರು.

“ಚಂದಪ್ಪನವರ ಅಗಲಿಕೆಯಿಂದ ಈ ತಾಲೂಕಿಗೆ ತುಂಬಲಾರದ ನಷ್ಟ ಆಗಿದೆ. ಆ ಮುಖದಲ್ಲಿ ಎಂಥ ಶಾಂತಿ ನೋಡಿ! ಒಂದು ಸಲ ಭೇಟಿ ಆಗಿದ್ದರೂ ಸಾಕಿತ್ತು ಅನ್ನಿಸುತ್ತೆ.” ಬಾಗಿ ಹಾರ ಹಾಕುತ್ತ, ಗೋಡೆಯ ಕಡೆ ತಿರುಗಿದರು. “ಪರಪ್ಪ, ಧೈರ್ಯ ತಂದ್ಕೊಳ್ಳಿ. ನಾನು ಬಂದಿದ್ದೀನಿ.”

ಪರಪ್ಪನ ಕಿವಿಗೆ ಮೊದಲ ಮಾತುಗಳು ಬಿದ್ದವೋ ಇಲ್ಲವೋ ಖಚಿತವಿಲ್ಲ. ಕೊನೆಯ ಮಾತು ಬಿತ್ತು. ಸಾಹೇಬರ ದನಿ! ಕಾರಕೂನನ ಕೈಗಳು ಇಂಥ ಹೊತ್ತಿನಲ್ಲಿ ತಲೆಯ ಅಪ್ಪಣೆಗೆ ಕಾಯುವುದಿಲ್ಲ. ಅವು ಹಲಗೆ ಬಿಟ್ಟು, ಗರ್ರನೆ ತಿರುಗಿ, ಒಂದಕ್ಕೊಂದು ಕೂಡಿ ನಮಸ್ಕಾರ ಮಾಡಿದವು.

ಮೊದಲು ಹಂಡೆ ಬಂತು. ಹಿಂದೆ ಪರಾತ. ಆಮೇಲೆ ಉಳಿದದ್ದೆಲ್ಲ. ಆ ಸದ್ದು ಕೇಳಿ ಸಿದ್ರಾಮನೇ ಎದ್ದು ನಿಂತ ಎಂದರೆ ಸಾಕು. ಕಾಕಾ ಹಾರಿ ಬಿದ್ದು, ತನ್ನ ಕೊರಳಲ್ಲಿದ್ದ ಸಾಹೇಬರ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡು ಒದರಿದ:

“ಸಾಹೇಬ್ರ! ಒಲಿಗೆ ಹಾಕ್ತಾನಂತ್ರೀ ನನ್ನ!”

ಸಾಹೇಬರು ಹೋದ ಬಗೆಯನ್ನು ಮೊದಲೇ ಹೇಳಿದ್ದಾಗಿದೆ. ಕಾರಕೂನರು ಸಾಹೇಬರಿಗಿಂತ ಮುಂದೆ ಹೋಗಬಾರದೆಂಬ ಶಿಸ್ತನ್ನು ಅಂದು ಪಾಲಿಸಲಿಲ್ಲ. ಹೆಂಗಸರು ಹನುಮಪ್ಪನ ಗುಡಿ ಮುಟ್ಟಿದರು. ಅರ್ಧ ದಾರಿಗೆ ಓಡಿದ್ದ ಲಕ್ಕವ್ವನನ್ನು ನಿಲ್ಲಿಸಿದ್ದು ಹಿಂದಿನಿಂದ ಬಂದ ಕಾಕಾನ ಬೈಗಳು. “ಎಲ್ಲಿಗೆ ಓಡ್ತೀಯೇ, ಆಡಿನ ಮಾರಿಯಾಕಿ! ಇನ್ನೀಟ ಹೊಗಳ ಬಾ!” ಆ ಶಬ್ದಗಳು ಆಕೆಗೆ ಚಿರಪರಿಚಿತ. “ಖರೇನ ಜೀವಂತ ಅದಾನ,” ಎಂದು ಎಲ್ಲರಿಗೂ ಖಾತ್ರಿ ಕೊಟ್ಟು ಮರಳಿ ಕರೆತಂದಳು.

ಕಾಸಿಂಸಾಬ ಓಡಿ ಬಂದ. ಅರ್ಧ ಅಕ್ಷರದ ಕಥೆ ಬಯಲಾಯಿತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. 

ಪರಪ್ಪ ಮಾತ್ರ ನಗಲಿಲ್ಲ. “ಕಾಸಿಂಸಾಬ, ಮುದ್ದೇಬಿಹಾಳದ ಬಸ್ಸಿಗೆ ನೀವು ಹೇಳಿಲ್ಲಲ್ಲಾ?”

“ಹೇಳೇನಲ್ರಿ! ಬಾಯಾರ ಕೈ ಹಿಡದು ಕೂಡಿಸಿಕೊಂಡ ಬಾ ಅಂತ ಹೇಳೇನಿ.”

ಅದೇ ಹೊತ್ತಿಗೆ ನಿಲ್ದಾಣದ ಕಡೆಯಿಂದ ಹಾರ್ನು ಕೇಳಿತು. ಪರಪ್ಪನ ಕಣ್ಣ ಮುಂದೆ ಆ ಹಳೆಯ ಸುಗ್ಗಿ ಬಂದು ನಿಂತಿತು. ಆ ರೊಟ್ಟಿ ಬಂತು. ಆ ನಾಯಿ ಸಹ ಬಂತು. “ಹಲಗಿ ಎತ್ತರೋ! ಗ್ವಾಡಿಗೆ ಹಚ್ಚರೋ! ಆಕಿ ಒಳಗ ಬಂದು ಕಾಕಾನ್ನ ನೋಡಿ, ಅಡಗಿಮನಿಗೆ ಹೋಗೂತನಕಾ ಹಿಡೀರಿ ಸಾಕು, ನಿಮ್ಮ ಕಾಲ ಬೀಳ್ತೇನಿ!”

ಮರಳಿ ಬಂದ ಕಾರಕೂನರಿಬ್ಬರು ಕೆಳಗಿನ ಹಲಗೆ ಹಿಡಿದರು. ನಡುವಿನದನ್ನು ಪರಪ್ಪ ಬೆನ್ನ ಹಿಂದೆ ಕೈ ಮಾಡಿ ಎತ್ತಿದ. ಮೇಲಿನದನ್ನು ಕಾಳಿನ ಪೆಟ್ಟಿಗೆ ಹತ್ತಿ ಕಾಸಿಂಸಾಬ ಹಿಡಿದ. ಲಕ್ಕವ್ವ ಕೈಗೆ ಸಿಕ್ಕ ಪಾತ್ರೆ ಏರಿಸಿದಳು. ಕಾಕಾ ಬದುಕಿದ್ದು ಕಂಡರೂ, ಕರೆದವರು ಹೋಗು ಎನ್ನದೆ ಸಿದ್ರಾಮ ಕಟ್ಟೆ ಬಿಡುವವನಲ್ಲ; ಹೊರಗೆ ಅವನಿಗೆ ಯಾರೂ ಏನೂ ಹೇಳಲಿಲ್ಲ. ಅಷ್ಟು ಪುರಸತ್ತು ಯಾರಿಗೂ ಇರಲಿಲ್ಲ.

ಸಿದ್ದಲಿಂಗವ್ವ ಬಂದಳು. ಹಿಂದೆ ಅವಳ ಅಣ್ಣ, ಅತ್ತಿಗೆ, ತೊಟ್ಟಿಲ ಕೂಸು, ಬಸ್ಸಿನ ಅರ್ಧ ಮಂದಿ ಮತ್ತು ಕಂಡಕ್ಟರ. ಬಾಗಿಲಲ್ಲಿ ಕಾಕಾ ಚಹಾ ಕುಡಿಯುತ್ತ ಕೂತಿದ್ದ.

“ಆರಾಮೇನವಾ?” ಎಂದ.

ಆಕೆ ನೆಲಕ್ಕೆ ಕೈ ಹಚ್ಚಿ ನಮಸ್ಕರಿಸಿದಳು. “ನಮ್ಮಪ್ಪಾ, ಬದಕೀರಿ! ದೇವರ ದೊಡ್ಡಾಂವ!” ಕಣ್ಣೊರೆಸಿಕೊಂಡು ಒಳಗೆ ನೋಡಿದಳು. ಸೊಂಟದವರೆಗೆ ಬಗ್ಗಿದ ಕಾರಕೂನರು. ಗೋಡೆಗೆ ಅಂಟಿದ ಗಂಡ. ಸೂರಿನ ಹತ್ತಿರ ಕಾಸಿಂಸಾಬ. ಇವರೆಲ್ಲ ದುಃಖಕ್ಕೆ ಬಂದವರು ಎಂದೇ ಆಕೆ ತಿಳಿದಳು. ಕಾಸಿಂಸಾಬನನ್ನು ನೋಡಿ ಕೈ ಮುಗಿದಳು.

“ಕಾಸಿಂಸಾಬಣ್ಣಾ, ನೀವರೆ ಸುದ್ದಿ ಕಳಿಸಿದ್ರಿ. ನಿಮಗ ಪುಣ್ಯಾ ಬರಲಿ. ಸಲಾಮ.”

ಕಾಸಿಂಸಾಬ ಮರ್ಯಾದಸ್ಥ. ಹೆಣ್ಣುಮಗಳು ಸಲಾಮ ಅಂದಾಗ ಕೈ ಎತ್ತದವನಲ್ಲ. ಬಲಗೈ ಹಣೆಗೆ ಹೋಯಿತು.

ಮೇಲಿನ ಹಲಗೆ ನಡುವಿನದರ ಮೇಲೆ, ನಡುವಿನದು ಕೆಳಗಿನದರ ಮೇಲೆ, ಮೂರೂ ಕಾರಕೂನರ ಮೇಲೆ ಬಂದವು. ಧೂಳು ಇಳಿದಾಗ ಗೋಡೆ ಪೂರ್ತಿ ಖಾಲಿ ಇತ್ತು. ವಿಜಾಪುರದ ಸಾಹೇಬರ ಗೋಡೆ ಸಹ ಅಷ್ಟು ಖಾಲಿ ಇರಲಿಲ್ಲ. ಸಿದ್ದಲಿಂಗವ್ವ ಒಮ್ಮೆ ಗೋಡೆ ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು. ಆಮೇಲೆ ಎರಡೂ ಕೈ ಎದೆಗೆ ಬಡಿದುಕೊಂಡು ದನಿ ತೆಗೆದಳು.

“ಅಯ್ಯಯ್ಯೋ, ನನ್ನ ಹಲಗೀ!”

“ಹಾಂ!” ಕಟ್ಟೆಯ ಮೇಲೆ ಸಿದ್ರಾಮ ಎದ್ದ. “ಮನಿ ಹೆಣ್ಣಮಗಳು ದನಿ ತಗದ್ಲು. ಹಲಗೀನ ಕೇಳಾಕತ್ತಾಳ. ಬಾರಸ್ರೋ!”

ಮಧ್ಯಾಹ್ನದಿಂದ ಕಾದಿದ್ದ ಹಲಗಿ, ಕಾದದ್ದಕ್ಕೆಲ್ಲ ಸೇರಿಸಿ ಮೊಳಗಿತು. ಸಿದ್ದಲಿಂಗವ್ವ ಅತ್ತಷ್ಟೂ ಅವರು ಬಾರಿಸಿದರು. ಅವರು ಬಾರಿಸಿದಷ್ಟೂ ಆಕೆ ಅತ್ತಳು. ಸಂಜೆಯ ಬಿಸಿಲು ಹೊಸ್ತಿಲು ದಾಟಿ ನೇರ ಗೋಡೆಯ ಮೇಲೆ ಬಿತ್ತು. ಮಾವನ ಮನೆಯಲ್ಲಿ ಸೊಂಪಾಗಿ ಉಂಡು ಬಂದ ಜೈನುದ್ದೀನ ಬಾಗಿಲಲ್ಲಿ ನಿಂತು, “ವಾಹ್ವಾ, ಗ್ವಾಡಿ ಏನ್ ಸಾಫ್ ಮಾಡೀರಿ!” ಎಂದು ಕರಿ ಬಟ್ಟೆಯೊಳಗೆ ತಲೆ ತೂರಿಸಿದ. ಅದನ್ನು ಕಂಡ ಕಾಕಾ ಚಹಾ ಬಿಟ್ಟು ಓಡಿ ಹೋಗಿ ಗೋಡೆಗೆ ಒರಗಿ ಕೂತ.

ಸಿದ್ದಲಿಂಗವ್ವ ಆಡಿದ ಮಾತಿನಂತೆ ಟ್ರಂಕು ಹೊತ್ತು ಬಸ್ಸಿನ ಕಡೆ ಹೊರಟಳು. ತಡೆದವನು ಕಾಕಾ. “ಏನವಾ, ನಾ ಸತ್ತಿದ್ದಕ್ಕ ಅಳಲಾರದಾಕಿ ಹಲಗಿಗೆ ಇಷ್ಟ ಅತ್ತಿ?”

“ನಿಮ್ಮ ಸಲುವಾಗಿ ತಾಳಿಕೋಟಿ ತನಕಾ ಅತ್ತೇನ್ರಿ ಕಾಕಾ, ಕಂಡಕ್ಟರನ್ನ ಕೇಳ್ರಿ. ಇದು ಬ್ಯಾರೇದು.”

“ಹಂಗಾದ್ರ ಹಲಗಿ ಮತ್ತ ಏರಿದ್ರ ಇರ್ತೀಯೇನು?”

ಆಕೆ ಗಂಡನ ಕಡೆ ನೋಡದೆ ಉತ್ತರ ಕೊಟ್ಟಳು: “ಮೂರ ಇದ್ದಲ್ಲಿ ನಾಕ ಆದ್ರ ವಿಚಾರ ಮಾಡ್ತೇನಿ.”

ಪರಪ್ಪ ಓಡಿದ. ಈ ಸಲ ಬಡಿಗ ಎಂಬ ಶಬ್ದವನ್ನೇ ಬಳಸದೆ, ಆ ಕಸುಬಿನ ಮಶಾಕಸಾಬನ ಮನೆಗೆ ಖುದ್ದಾಗಿ ಹೋಗಿ, ಅವನ ಹೆಸರು ಹಿಡಿದು ಕೂಗಿ, ಕೈಯಲ್ಲಿ ಉಳಿ ಸುತ್ತಿಗೆ ಇರುವುದನ್ನು ಕಣ್ಣಾರೆ ಕಂಡು ಕರೆತಂದ. ಕೊನೆಯ ಮೊಳೆ ಬೀಳುವವರೆಗೆ ಸಿದ್ದಲಿಂಗವ್ವ ಟ್ರಂಕಿನ ಮೇಲಿಂದ ಏಳಲಿಲ್ಲ. ಬಸ್ಸೂ ಹೊರಡಲಿಲ್ಲ, ಕಂಡಕ್ಟರನಿಗೆ ಕೊನೆ ನೋಡಬೇಕಿತ್ತು.

ಫೋಟೋ ಮುಂದಿನ ತಿಂಗಳು ಇಂಡಿಯಿಂದ ಚೌಕಟ್ಟು ಸಮೇತ ಬಂತು. ಜೈನುದ್ದೀನ ಹೇಳಿದ್ದು ನಿಜವಾಗಿತ್ತು. ಅಳುವ ಸಿದ್ದಲಿಂಗವ್ವ ಹೊಗೆ. ಕೈ ಮುಗಿಯುವ ಪರಪ್ಪ ಹೊಗೆ. ಕಾಸಿಂಸಾಬ, ಕಾರಕೂನರು, ಲಕ್ಕವ್ವ ಎಲ್ಲರೂ ಕೂಡಿ ಒಂದೇ ಹೊಗೆ. ನಡುವೆ ಚಂದಪ್ಪ ಕಾಕಾ ಒಬ್ಬನೇ, ಮೀಸೆಯ ಒಂದೊಂದು ಕೂದಲೂ ಕಾಣುವಂತೆ, ಸ್ಪಷ್ಟವಾಗಿ ಕೂತಿದ್ದ.

ಅದನ್ನು ತೂಗು ಹಾಕಲು ಗೋಡೆಯಲ್ಲಿ ಜಾಗ ಇರಲಿಲ್ಲ. ನಾಲ್ಕು ಹಲಗೆ ತುಂಬಿದ್ದವು. ಸಿದ್ದಲಿಂಗವ್ವನೇ ಅದನ್ನು ಮೇಲಿನ ಹಲಗೆಯ ಮೇಲೆ ಹಂಡೆಯ ಹಿಂದೆ ಇಟ್ಟಳು. ಈಗಲೂ ಅಲ್ಲೇ ಇದೆ. ನೋಡಬೇಕಾದವರು ಹಂಡೆಯನ್ನು ತುಸು ಸರಿಸಿದರಾಯಿತು. ಇಂದಿನವರೆಗೆ ಯಾರೂ ನೋಡಿಲ್ಲ.